ವಿದ್ಯಾರ್ಥಿನಿ ನಿಲಯಕ್ಕೆ ಬಂದ ಮಡಿಲಕ್ಕಿ

ಅರಿಶಿನದ ಕೊಂಬು ನನ್ನ ಕಿರುಬೆರಳಿಗಿಂತ ಸ್ವಲ್ಪ ದಪ್ಪ. ಒಂದು ತುದಿ ಮುರಿದಿತ್ತು. ನಡುವೆ ಕತ್ತಾಳೆ ನಾರಿನ ಎಳೆಯೊಂದನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು. ಅಡಿಗೆಯ ನಂಜಮ್ಮ ಅಕ್ಕಿ ಕೇರುವಾಗ ಅದು ಮೊರದ ಅಂಚಿಗೆ ಬಂದು ನಿಂತಿತಂತೆ. ಹೆಂಟೆಯೆಂದು ಎಸೆಯಲು ಹೋದವಳು ಎಸೆಯದೆ ನನ್ನ ಬಳಿಗೆ ತಂದಳು. ಯಾವ ಮೂಟೆಯ ಅಕ್ಕಿ ಎಂದು ಕೇಳಿದೆ. ಹೆಡತಲೆ ಊರಿನದು ಎಂದಳು. ಆ ಮೂಟೆ ತುಂಬುವಾಗ ನಾನು ಎದುರಿಗೇ ಇದ್ದೆ. ಅದರಲ್ಲಿ ಅಕ್ಕಿಯಲ್ಲದೆ ಬೇರೇನೂ ಹಾಕುವುದಿಲ್ಲವೆಂದು ಹತ್ತು ಜನರ ಮುಂದೆ ಹೇಳಿ ತುಂಬಿಸಿದ್ದರು.

ನಂಜನಗೂಡಿನ ಆ ವಿದ್ಯಾರ್ಥಿನಿ ನಿಲಯದಲ್ಲಿ ನಾನು ಕೆಲವು ವರ್ಷ ಮೇಲ್ವಿಚಾರಕಿಯಾಗಿದ್ದೆ. ನಿವೃತ್ತಿ ಎಂಬ ಮಾತು ತಲೆ ನರೆತವರಿಗೆ ಒಪ್ಪುತ್ತದೆ. ನನ್ನ ಕೂದಲು ಇನ್ನೂ ಕಪ್ಪಾಗಿಯೇ ಇದೆ. ಆದರೂ ಆ ಕೆಲಸದ ಮಟ್ಟಿಗೆ ನಾನು ನಿವೃತ್ತಳೇ. ಬಿಟ್ಟ ಕಾರಣ ನನ್ನ ಸ್ವಂತದ್ದು, ಇಲ್ಲಿ ಅದು ಬೇಕಾಗಿಲ್ಲ. ನನ್ನ ಜಾಗಕ್ಕೆ ಬಂದವರು ಮೊದಲು ಕೇಳಿದ್ದೇ, ವರ್ಷದ ಕೊನೆಯ ರಜದಲ್ಲಿ ಸಹಾಯ ಎತ್ತುವುದು ಹೇಗೆ ಎಂದು. ನಿಲಯ ನಡೆಸುವ ಸಂಘದ ವರದಿಗಳನ್ನು ಓದಿಕೊಳ್ಳಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ವರದಿಯಲ್ಲಿ ಏನು ಬಂತೆಂಬುದಿದೆ, ಹೇಗೆ ಬಂತೆಂಬುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಿಲಯವೆಂದರೆ ಬಾಡಿಗೆಯ ಒಂದು ತೊಟ್ಟಿ ಮನೆ. ಸುತ್ತಲಿನ ಹಳ್ಳಿಗಳ ಒಕ್ಕಲು ಮನೆತನದ ಹೆಣ್ಣುಮಕ್ಕಳು ಅಲ್ಲಿದ್ದುಕೊಂಡು ಊರಿನ ಶಾಲೆಯಲ್ಲಿ ಓದುತ್ತಿದ್ದರು. ಊಟ, ವಸತಿ ಧರ್ಮಾರ್ಥ. ಹಳ್ಳಿಯವರು ಅದನ್ನು ಎಣ್ಮಕ್ಕಳ ಮನೆ ಎಂದೇ ಕರೆಯುತ್ತಿದ್ದರು. ಡಿಸೆಂಬರ್ ಕೊನೆಯಲ್ಲಿ ಕಚೇರಿ, ಶಾಲೆ ಎರಡಕ್ಕೂ ಕ್ರಿಸ್ಮಸ್ ರಜ. ಮಕ್ಕಳು ಊರಿಗೆ ಹೋಗುತ್ತಿದ್ದರು, ಒಲೆ ಆರುತ್ತಿತ್ತು. ಅದೇ ಹೊತ್ತಿಗೆ ಕಪಿಲೆ ಕಾವೇರಿಗಳ ಬಯಲಿನಲ್ಲಿ ಭತ್ತದ ಒಕ್ಕಣೆ. ಸಂಕ್ರಾಂತಿ ಕಳೆದರೆ ಭತ್ತ ಮಂಡಿಗೆ ಹೋಗಿಬಿಡುತ್ತದೆ. ಆಮೇಲೆ ಕೇಳುವವರಿಗೂ ಸಂಕೋಚ, ಕೊಡುವವರಿಗೂ ಕಷ್ಟ. ಆದ್ದರಿಂದ ವರ್ಷದ ಅನ್ನವನ್ನೆಲ್ಲ ಆ ರಜದಲ್ಲೇ ಹೊಂದಿಸಬೇಕಾಗಿತ್ತು.

ಮೊದಲ ವರ್ಷ ನಾನು ಒಂದು ವಿಜ್ಞಾಪನಾ ಪತ್ರ ಬರೆದು ಅಚ್ಚು ಹಾಕಿಸಿದೆ. ಕಾಲೇಜಿನಿಂದ ಆಗತಾನೆ ಹೊರಗೆ ಬಂದವಳು, ಅಶನ, ವಸನ, ಉದಾರಹೃದಯ ಮುಂತಾದ ಮಾತುಗಳನ್ನು ಧಾರಾಳವಾಗಿ ಸುರಿದಿದ್ದೆ. ಟಿ. ನರಸೀಪುರದ ಆಚೆ ಒಂದು ಹಳ್ಳಿಯ ಮೇಷ್ಟ್ರು ಅದನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಿದರು. ಜನ ಕೈಕಟ್ಟಿಕೊಂಡು ಕೇಳಿದರು. ಅದು ಪ್ಲೇಗಿನ ಕಾಲ. ಅಚ್ಚಾದ ಕಾಗದವನ್ನು ಚಾವಡಿಯಲ್ಲಿ ಓದಿದರೆ ಅದು ಮನೆಯವರನ್ನು ಶಿಬಿರಕ್ಕೆ ಸಾಗಿಸುವ ಸರ್ಕಾರದ ಹುಕುಂ ಎಂದೇ ಅರ್ಥ. ಬಾಲಿಕೆಯರು ಎಂಬುದೊಂದು ಮಾತ್ರ ಅವರ ಕಿವಿಗೆ ಸರಿಯಾಗಿ ಬಿದ್ದಿತ್ತು. ಮಾರನೆಯ ದಿನ ನಾನು ಗಾಡಿ ಇಳಿದಾಗ ಮೊದಲ ಮನೆಯ ಮುದುಕಿ ಬಾಗಿಲಿಗೆ ಅಡ್ಡ ನಿಂತು, "ನಮ್ಮನೇಲಿ ಎಣ್ಮಕ್ಳೇ ಇಲ್ಲ ಕಣವ್ವ" ಎಂದಳು. ಅವಳ ಹಿಂದೆ ಧಾನ್ಯದ ಗುಡಾಣದ ಮರೆಯಿಂದ ಎರಡು ಜಡೆ ಕಾಣಿಸುತ್ತಿದ್ದವು. ಆ ಊರಿನಲ್ಲಿ ಅಂದು ಒಂದು ಮನೆಯಲ್ಲೂ ಹೆಣ್ಣುಮಕ್ಕಳಿರಲಿಲ್ಲ.

ಎರಡನೆಯ ವರ್ಷ ನಮ್ಮ ಅಧ್ಯಕ್ಷರ ಸಲಹೆಯಂತೆ ಮ್ಯಾಜಿಕ್ ಲ್ಯಾಂಟರ್ನ್ ತರಿಸಿದೆವು. ಅಧ್ಯಕ್ಷರು ನಿವೃತ್ತ ಅಮಲ್ದಾರರು. ಎತ್ತರದ ಆಳು, ಸದಾ ಗುಂಡಿ ಹಾಕಿದ ಕೋಟು. ಅಪ್ಪಟ ಪ್ರಾಮಾಣಿಕರು, ಗಾಡಿ ಬಾಡಿಗೆಯನ್ನು ತಮ್ಮ ಕೈಯಿಂದಲೇ ಕೊಡುತ್ತಿದ್ದರು. ಬಿಳಿಯ ಪರದೆ ಕಟ್ಟಿ, ನಮ್ಮ ಮಕ್ಕಳು ಓದುವ ಚಿತ್ರಗಳ ನಡುವೆ ಜನರನ್ನು ಹಿಡಿದಿಡಲು ಕಾಶಿಯ ಚಿತ್ರವೊಂದನ್ನೂ ತೋರಿಸಿದೆವು. ಜನ ಸೇರಿದ್ದೇನೋ ನಿಜ. ಕಾಶಿ ಬಂದಕೂಡಲೇ ಪರದೆಗೆ ಕೈಮುಗಿದು, ಮುಂದೆ ತೆಂಗಿನಕಾಯಿ ಒಡೆದು, ಊದುಕಡ್ಡಿ ಹಚ್ಚಿ ಹೊರಟುಹೋದರು. ಕಾಯಿ ಹೋಳುಗಳು ಗಾಡಿಯ ಮಾದಯ್ಯನ ಪಾಲಾದವು. ಅಧ್ಯಕ್ಷರು ವರದಿಯಲ್ಲಿ, ಪ್ರದರ್ಶನಕ್ಕೆ ಅಪಾರ ಜನಾದರಣೆ ದೊರೆಯಿತು ಎಂದು ಬರೆದರು. ಅದೂ ಸುಳ್ಳಲ್ಲ.

ಇಷ್ಟಾದರೂ ನಿಲಯ ನಡೆದದ್ದು ಟಿ. ನರಸೀಪುರದ ಭತ್ತದ ಮಂಡಿಯ ಒಬ್ಬ ಸಾಹುಕಾರರಿಂದ. ವರ್ಷದ ಅಕ್ಕಿಯಲ್ಲಿ ಮುಕ್ಕಾಲು ಪಾಲು ಅವರೇ ಕಳುಹಿಸುತ್ತಿದ್ದರು. ನಾನು ಹೇಳಹೊರಟಿರುವ ವರ್ಷ ಅವರು ಕೈಬಿಟ್ಟರು. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: "ನಮ್ಮವ್ವನ ಹೆಸ್ರಲ್ಲಿ ಛತ್ರ ಕಟ್ಟಿಸ್ತಾ ಇದೀನಿ ತಾಯಿ. ಕಲ್ಲಿನ ಮ್ಯಾಲೆ ಹೆಸ್ರು ನಿಲ್ತದೆ. ಅನ್ನ ಉಂಡ್ರೆ ಮುಗೀತು, ಅಲ್ಲಿ ಏನಂತ ಬರೆಸಾನ?" ನೀರು ಕುಡಿದು ಎದ್ದು ಬಂದೆ.

ಕಮಿಟಿ ಕೂಡಿತು. ಅಧ್ಯಕ್ಷರು ಸಿಟ್ಟಾಗಲಿಲ್ಲ. "ನೋಡಮ್ಮ, ಸಂಕ್ರಾಂತಿ ಕಳೆದ ಮೇಲೆ ಉಗ್ರಾಣದ ಬಾಗಿಲು ತೆಗೆದು ನೋಡೋಣ. ಪರೀಕ್ಷೆವರೆಗೆ ಅನ್ನ ಕಂಡರೆ ನಡೆಸೋಣ. ಇಲ್ಲದಿದ್ದರೆ ಮಕ್ಕಳನ್ನ ಗೌರವವಾಗಿ ಅವರವರ ಮನೆಗೆ ಕಳಿಸೋಣ. ಅರೆಹೊಟ್ಟೆಯಲ್ಲಿ ಇಟ್ಟುಕೊಳ್ಳೋದು ಬೇಡ" ಎಂದರು. ಏಳುವಾಗ, "ಇನ್ನೊಂದು ಮಾತು. ಮನೆಮನೆಯ ಮುಂದೆ ಸೆರಗೊಡ್ಡಿ ನಿಲ್ಲಬೇಡಿ. ನಮ್ಮದು ರಿಜಿಸ್ಟರಾದ ಸಂಘ. ಮೂಟೆ ಹಿಡಿಯಿರಿ, ರಸೀತಿ ಕೊಡಿ" ಎಂದರು.

ನಿಲಯ ಮುಚ್ಚಿದರೆ ಹೆಚ್ಚಿನ ಮಕ್ಕಳು ತಮ್ಮ ಮನೆಗಳಲ್ಲಿ ಸುಖವಾಗಿಯೇ ಇರುತ್ತಿದ್ದರು. ಒಬ್ಬಳ ವಿಷಯದಲ್ಲಿ ಮಾತ್ರ ಹಾಗೆ ಹೇಳುವಂತಿರಲಿಲ್ಲ. ಅವಳೇ ಹೆಡತಲೆಯ ಸಾಕಮ್ಮ. ಅವಳ ಕಥೆಯನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಈಗ ಅವಳು ಟಿ. ನರಸೀಪುರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. ಓದಿ ನೋಡಿ ಎರಡು ಕಡೆ ತಿದ್ದಿಯೂ ಕೊಟ್ಟಳು.

ಸಾಕಮ್ಮನಿಗೆ ತೀರ ಚಿಕ್ಕಂದಿನಲ್ಲಿ ಮದುವೆಯಾಗಿ, ಅವಳು ಗಂಡನ ಮನೆ ನೋಡುವುದಕ್ಕೆ ಮೊದಲೇ ಆ ಹುಡುಗ ತೀರಿಕೊಂಡಿದ್ದ. ನಿಲಯದಲ್ಲಿ ಅವಳದು ಅಚ್ಚುಕಟ್ಟಾದ ಹುಡುಗಿಯೆಂಬ ಹೆಸರು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಶುಕ್ರವಾರ ಬೆಳಿಗ್ಗೆ ಮಕ್ಕಳೆಲ್ಲ ಅರಿಶಿನ ಹಚ್ಚಿಕೊಂಡು ಮೀಯುತ್ತಿದ್ದರು. ಅವಳು ಮಾತ್ರ ಎಲ್ಲರಿಗಿಂತ ಕೊನೆಗೆ, ಅರಿಶಿನದ ಬಟ್ಟಲು ಬರಿದಾದ ಮೇಲೆ, ಬಚ್ಚಲಮನೆಗೆ ಹೋಗುತ್ತಿದ್ದಳು. ನಾನು ಅದನ್ನು ಗಮನಿಸಿದ್ದೆ. ಕೇಳಿರಲಿಲ್ಲ. ಆ ಬೇಸಿಗೆಯಲ್ಲಿ ಅವಳು ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಾಗಿತ್ತು. ತೇರ್ಗಡೆಯಾದರೆ ಶಾಲೆಯಲ್ಲಿ ಕೆಲಸ ಸಿಗುವುದೆಂದು ಇನ್ಸ್ಪೆಕ್ಟರು ಮಾತು ಕೊಟ್ಟಿದ್ದರು.

ರಜಕ್ಕೆ ಹೊರಡುವ ದಿನ ಅವಳು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿಕೊಂಡಿದ್ದಳು. ಎಲ್ಲವೂ ಏಕೆ ಎಂದೆ.

"ಮತ್ತೆ ಬತ್ತೀನೋ ಇಲ್ವೋ ಅಮ್ಮಾವ್ರೆ. ಅಣ್ಣ ಕೂಡಿಕೆ ಗೊತ್ತು ಮಾಡವ್ನೆ."

ಗಂಡ ಸತ್ತವಳನ್ನು ಹಸೆ, ವಾಲಗಗಳಿಲ್ಲದೆ ಇನ್ನೊಬ್ಬನಿಗೆ ಕೊಡುವುದಕ್ಕೆ ಅವರಲ್ಲಿ ಕೂಡಿಕೆ ಎನ್ನುತ್ತಾರೆ. ಸುತ್ತೂರಿನ ಆಚೆಯ ಒಬ್ಬ ರೈತ, ಹೆಂಡತಿ ಸತ್ತವನು, ದೊಡ್ಡ ಮಕ್ಕಳಿರುವವನು. ಮಾಘ ಮಾಸದಲ್ಲಿ ಎಂದು ಮಾತಾಗಿತ್ತು. ನಿಲಯ ನಡೆಯುವುದೇ ಅನುಮಾನ ಎಂಬ ಸುದ್ದಿ ಅಷ್ಟರಲ್ಲಿ ಹೆಡತಲೆಗೂ ಮುಟ್ಟಿತ್ತು. ಓದು ಅರ್ಧಕ್ಕೆ ನಿಲ್ಲುವುದಾದರೆ ಕೂಡಿಕೆ ಮುಂದೂಡುವುದೇಕೆ ಎಂಬುದು ಅವಳ ಅಣ್ಣನ ವಾದ. ವಾದದಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಕಷ್ಟ.

ಮಾದಯ್ಯನ ಗಾಡಿಯಲ್ಲಿ ಖಾಲಿ ಗೋಣಿಗಳನ್ನೂ ರಸೀತಿ ಪುಸ್ತಕವನ್ನೂ ಇಟ್ಟುಕೊಂಡು ಹೊರಟೆ. ಹೊಸಬರಿಗೆ ಇಲ್ಲಿ ಒಂದೆರಡು ಮಾತು. ಕೊಟ್ಟ ಮಜ್ಜಿಗೆಯನ್ನು ಕುಡಿಯಿರಿ. ನೀವು ಕುಡಿಯುತ್ತೀರೋ ಇಲ್ಲವೋ ಎಂದೇ ಎಲ್ಲರೂ ನೋಡುತ್ತಿರುತ್ತಾರೆ. ವಿದ್ಯೆಯ ಮಹತ್ವವನ್ನು ಮೊದಲೇ ತೆಗೆಯಬೇಡಿ. ಯಜಮಾನರು ಬರಲಿಲ್ಲವೇ ಎಂದು ಹೆಂಗಸರು ಕೇಳುತ್ತಾರೆ. ಇಲ್ಲ, ಬಂದಿಲ್ಲ ಎಂದು ನಾನು ಹೇಳುತ್ತಿದ್ದೆ. ನನಗೆ ಮದುವೆಯಾಗಿರಲಿಲ್ಲ, ಆದ್ದರಿಂದ ಯಾರೂ ಬಂದಿರಲಿಲ್ಲವೆಂಬುದು ಸತ್ಯವೇ.

ಅಧ್ಯಕ್ಷರು ಹೇಳಿದಂತೆ ಕಣದ ಅಂಚಿನಲ್ಲಿ ನಿಂತು ಗೋಣಿಯ ಬಾಯಿ ಅಗಲಿಸಿ ಹಿಡಿದೆ. ರಾಶಿಯ ಬಳಿ ಇದ್ದ ರೈತ ಗೋಣಿಯನ್ನು ನೋಡಿ, ನನ್ನನ್ನು ನೋಡಿ, ಪಲ್ಲದ ಅಳತೆಗೆ ಎಷ್ಟು ಬೆಲೆ ಕೊಡುತ್ತೀರಿ ಎಂದು ಕೇಳಿದ. ನಾನು ರಸೀತಿ ಕೊಡುತ್ತೇನೆ ಎಂದೆ. ದುಡ್ಡು ಯಾವಾಗ ಎಂದ. ದುಡ್ಡಿಲ್ಲ ಎಂದೆ. ಅವನು ಮಾದಯ್ಯನ ಕಡೆ ತಿರುಗಿ, "ಯಾರ್ಲಾ ಇವ್ರು, ಎಣ್ ಯಾಪಾರಸ್ತರು? ಮಂಡಿಯೋರ್ಗಿಂತ ಬಿಗಿ ಅವ್ರಲ್ಲ" ಎಂದು ನಕ್ಕ. ಕಣಕ್ಕೆ ಗೋಣಿ ಹಿಡಿದು ಬರುವವರು ಕೊಳ್ಳುವವರು. ದಾನಕ್ಕೆ ಬರುವವರು ಬಟ್ಟೆ ಹಾಸುತ್ತಾರೆ ಇಲ್ಲವೇ ಮೊರ ಹಿಡಿಯುತ್ತಾರೆ. ನಾನು ಮೂರು ಹಳ್ಳಿಗಳಲ್ಲಿ ಭತ್ತದ ಧಾರಣೆಯನ್ನು ಕೇಳಿಸಿಕೊಂಡು ಬಂದೆ. ಗೋಣಿಗಳು ಮಡಿಸಿದಂತೆಯೇ ಇದ್ದವು. ಮಾದಯ್ಯ ಎತ್ತುಗಳಿಗೆ, "ನಿಮ್ಗೇನ್ರಪ್ಪಾ, ಅಗೂರವಾಗ್ ನಡೀರಿ" ಎಂದು ನನಗೆ ಕೇಳಿಸುವಂತೆ ಹೇಳಿದ.

ಹೆಡತಲೆಗೆ ಹೋದದ್ದು ಆ ನಂತರ. ಕೇಳಿಕೊಳ್ಳಬೇಕೆಂದು ಹೋಗಲಿಲ್ಲ, ಸಾಕಮ್ಮನನ್ನು ನೋಡಿ ಬರೋಣವೆಂದು ಹೋದೆ. ಅವಳ ಅಣ್ಣ ಸಿದ್ದೇಗೌಡ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದ. ತಂದೆತಾಯಿ ಇಲ್ಲದ ಮನೆಗೆ ಅವನೇ ಯಜಮಾನ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಜಗುಲಿಯ ಮೇಲೆ ಅವರ ಅಜ್ಜಿ ದೇವೀರಮ್ಮ ಅಕ್ಕಿ ಕೇರುತ್ತಿದ್ದಳು, ಆಕೆಯೂ ಗಂಡನಿಲ್ಲದವಳು. ಸಾಕಮ್ಮ ಬಾಗಿಲ ಹಿಂದೆ ಇದ್ದಳೆಂದು ಪುಸ್ತಕದ ಗಂಟಿನ ತುದಿಯಿಂದ ತಿಳಿಯಿತು. ಅವಳು ಅದನ್ನು ಇನ್ನೂ ಬಿಚ್ಚಿರಲಿಲ್ಲ.

ಸಿದ್ದೇಗೌಡ ಒರಟನಲ್ಲ. ಮಣೆ ಹಾಕಿಸಿದ. ಮಜ್ಜಿಗೆ ತರಿಸಿದ, ನಾನು ಕುಡಿಯುವವರೆಗೂ ಕಾದ. "ನಿಮ್ ಮ್ಯಾಲೆ ನಮ್ಗೇನೂ ಬೇಜಾರಿಲ್ಲ ಅಮ್ಮಾವ್ರೆ. ಚೆಂದಾಗ್ ನೋಡ್ಕೊಂಡ್ರಿ. ಒಂದ್ ಮಾತು ಕೇಳ್ತೀನಿ, ನೇರವಾಗ್ ಏಳಿ. ನಿಮ್ ಎಣ್ಮಕ್ಕಳ ಮನೇಲಿ ಪರೀಕ್ಸೆಗಂಟ ಅನ್ನ ಅದಾ?"

"ಯುಗಾದಿಯವರೆಗೂ ಇಲ್ಲ" ಎಂದೆ.

"ಅನ್ನ ಇಲ್ದಿರೋ ಮನೆಗೆ ಎಣ್ ಕಳ್ಸು ಅಂತೀರಾ?"

ಗಾಡಿಯ ಬಳಿ ನಿಂತಿದ್ದ ಮಾದಯ್ಯ ಆಮೇಲೆ ನನ್ನನ್ನು ಆಕ್ಷೇಪಿಸಿದ. ಇದೆ ಎಂದು ಹೇಳಿಬಿಟ್ಟಿದ್ದರೆ ಯಾರು ಬಂದು ಉಗ್ರಾಣ ನೋಡುತ್ತಿದ್ದರು ಎಂದು. ಇರಬಹುದು. ಆದರೆ ಅಂದು ಮುಂದಿನ ಮಾತು ನಡೆದದ್ದು ನಾನು ಇಲ್ಲ ಎಂದದ್ದರಿಂದಲೇ.

ಅಜ್ಜಿಯ ಮೊರ ನಿಂತಿತು. "ಲೇ ಸಿದ್ದ, ನಿಮ್ಮಕ್ಕನ್ನ ಮುಡುಕುತೊರೆ ತಾವಿಗೆ ಕೊಟ್ಟಾಗ ಆ ಮನೇಲಿ ಅನ್ನ ಇತ್ತಾ?"

ಅವನು ಹೆಗಲ ವಸ್ತ್ರದಲ್ಲಿ ಕೈ ಒರೆಸಿಕೊಂಡ. ಅಜ್ಜಿಯೇ ಮುಂದುವರಿಸಿದಳು:

"ಗುಡಾಣ ಬೋರ್ಲು ಬಿದ್ದಿತ್ತು. ನಿಮ್ಮಪ್ಪ ಎಣ್ಣ ವಾಪಸ್ ಕರ್ಕೊಂಡ್ ಬಂದ್ನಾ? ವರ್ಸ ವರ್ಸ ಮಡ್ಲಕ್ಕಿ ಉಯ್ದು ಕಳಿಸ್ನಿಲ್ವಾ?"

ಮಡಿಲಕ್ಕಿಯೆಂದರೆ ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ತವರಿನವರು ತುಂಬುವ ಅಕ್ಕಿ. ಮುತ್ತೈದೆಯರು ತುಂಬುತ್ತಾರೆ, ಜೊತೆಗೆ ಅರಿಶಿನದ ಕೊಂಬು, ಕುಂಕುಮ, ಕೊಬ್ಬರಿ, ಬೆಲ್ಲ. ಮದುವೆಯಾಗದವಳಿಗೆ ಅದನ್ನು ಕೊಡುವ ವಾಡಿಕೆಯಿಲ್ಲ. ಗಂಡ ಹೋದವಳಿಗಂತೂ ಇಲ್ಲವೇ ಇಲ್ಲ.

"ಅದು ಗಂಡನ್ ಮನೆ ಕಣಜ್ಜಿ. ಇದು ಇಸ್ಕೂಲು."

"ಎಣ್ಣು ಉಣ್ಣೋ ತಾವು ಅಲ್ವಾ?"

"ಉಯ್ಯೋರ್ ಯಾರು? ನನ್ ಎಂಡ್ರೂ ಮನೇಲಿಲ್ಲ."

"ನಾ ಉಯ್ತೀನಿ."

"ನೀನಾ? ಇವ್ಳ್ಗಾ? ಜನ ಏನಂದಾರು ಅಜ್ಜಿ."

ದೇವೀರಮ್ಮ ಮೊರ ಕೆಳಗಿಟ್ಟು ಎದ್ದಳು. "ನನ್ ಕೈಯೂ ಬೋಳು, ಅವ್ಳ್ ಕೈಯೂ ಬೋಳು. ನಾನ್ ಉಯ್ದು ಅವ್ಳ್ ಈಸ್ಕೊಂಡ್ರೆ ದೋಸ ಯಾರ್ಗ್ಲಾ ತಟ್ಟಾದು?"

ಸಿದ್ದೇಗೌಡ ಎದ್ದು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಸಾಕಮ್ಮನನ್ನು ಕರೆದು ಹೊಸ್ತಿಲೊಳಗೆ ನಿಲ್ಲಿಸಿದರು. ಸೆರಗು ಹಿಡಿ ಎಂದರೆ ಅವಳು ಹಿಡಿಯಲಿಲ್ಲ. ಕೈ ಬರಲಿಲ್ಲ ಎಂದು ಅನಂತರ ನನಗೆ ಹೇಳಿದಳು. ಅಜ್ಜಿ ತಾನೇ ಸೆರಗಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ನನ್ನ ಕಡೆಗೆ ಚಾಚಿದಳು. ಸೆರಗೊಡ್ಡಬೇಡಿ ಎಂದ ಅಧ್ಯಕ್ಷರ ಮಾತು ನೆನಪಾಯಿತು. ಇದು ನನ್ನ ಸೆರಗಲ್ಲವಲ್ಲ ಎಂದುಕೊಂಡು ಹಿಡಿದೆ. ಅಷ್ಟರಲ್ಲಿ ಬೀದಿಯ ಹೆಂಗಸರು ನೆರೆದಿದ್ದರು. ದೇವೀರಮ್ಮ ಅವರೆಲ್ಲರಿಗೂ ಕೇಳಿಸುವಂತೆ, "ಬರೀ ಅಕ್ಕಿ ಕಣ್ರವ್ವ. ಅರಿಸಿನ ಇಲ್ಲ, ಕುಂಕುಮ ಇಲ್ಲ. ಅದ್ನ ನಾ ಮುಟ್ಟಾಕಿಲ್ಲ" ಎಂದು ಹೇಳಿ ಮೊರದಲ್ಲಿದ್ದುದನ್ನು ಸುರಿದಳು. ಸುರಿದ ಅಕ್ಕಿಯಲ್ಲಿ ಮೂರು ಹಿಡಿಯನ್ನು ಮಗಳು ತಿರುಗಿ ಮನೆಯೊಳಕ್ಕೆ ಹಾಕಬೇಕು, ತವರು ಬರಿದಾಗಬಾರದೆಂದು. ಸಾಕಮ್ಮ ಹಾಕಿದಳು.

ಊರಿನ ಮಗಳು ಹೊರಟಾಗ ನೆರೆಮನೆಯವರೂ ಮಡಿಲಿಗೆ ಒಂದಿಷ್ಟು ಹಾಕುವುದು ಅಲ್ಲಿನ ರೂಢಿ. ಯಾರೂ ಹೇಳಲಿಲ್ಲ, ನಾನಂತೂ ಬಾಯಿ ತೆರೆಯಲಿಲ್ಲ. ಎದುರು ಮನೆಯವಳು ಒಳಗೆ ಹೋಗಿ ಮೊರ ಹಿಡಿದು ಬಂದಳು. ಅವಳ ಹಿಂದೆ ಮತ್ತೊಬ್ಬಳು. ಮೂಲೆಮನೆಯ ಹಿರಿಯಳೊಬ್ಬಳು ಮಾತ್ರ ತನ್ನ ಜಗುಲಿಯಿಂದಲೇ, ಇದೇನು ಕಾಲ ಬಂತು, ಬೋಳು ಕೈಗೆ ಮಡ್ಲಕ್ಕಿ ಎಂದು ಗೊಣಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಸೊಸೆ ಮೊರ ತಂದಳು. "ನಮ್ಮತ್ತೆ ಕೊಟ್ಟವ್ಳೆ. ಕೊಟ್ಟೆ ಅಂತ ಏಳ್ಬ್ಯಾಡ ಅಂದವ್ಳೆ" ಎಂದು ಅತ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಎಲ್ಲರೂ ನಕ್ಕರು. ಸೆರಗು ಭಾರವಾದಾಗಲೆಲ್ಲ ಗೋಣಿಗೆ ಬಗ್ಗಿಸಿಕೊಂಡೆವು. ರಸೀತಿ ಪುಸ್ತಕ ಗಾಡಿಯಲ್ಲೇ ಉಳಿಯಿತು.

ಮಾದಯ್ಯ ಮೂಟೆಯ ಬಾಯಿ ಕಟ್ಟಿ ಎತ್ತಲು ಹೋದ. ಅದುವರೆಗೆ ತಿರುಗಿಯೂ ನೋಡದಿದ್ದ ಸಿದ್ದೇಗೌಡ ಬಂದು, "ಗಂಟು ಸರಿಯಿಲ್ಲ, ದಾರೀಲಿ ಚೆಲ್ಲೋಯ್ತದೆ" ಎಂದು ಮೂಟೆಯನ್ನು ಹೊತ್ತು ಒಳಗೆ ಕೊಂಡುಹೋದ. ಹೊಸದಾಗಿ ಕಟ್ಟಿ ತಂದು ತಾನೇ ಗಾಡಿಗೆ ಹಾಕಿದ. ತಂಗಿಯನ್ನು ನೋಡಲಿಲ್ಲ. "ಪರೀಕ್ಸೆ ಆಗ್ಲಿ. ಸುತ್ತೂರ್ ಕಡೆಯೋರ್ಗೆ ನಾ ಏಳ್ಕತೀನಿ. ಆಮ್ಯಾಲ್ ನೋಡಾನ" ಎಂದ. ಆಮೇಲೆ ನೋಡೋಣ ಎಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಪರೀಕ್ಷೆಯಾದ ಮೇಲೂ ಮಾಘ ಮಾಸಗಳು ಬರುತ್ತವೆ.

ಸಾಕಮ್ಮ ಅಂದೇ ನಮ್ಮ ಗಾಡಿ ಹತ್ತಿದಳು. ಅಲ್ಲಿಂದ ಮುಂದೆ ನಾನು ಕಣಗಳಿಗೆ ಹೋಗುವುದನ್ನೇ ಬಿಟ್ಟೆ. ನಮ್ಮ ಮಕ್ಕಳು ಯಾವ ಯಾವ ಊರಿನವರೋ ಆ ಊರುಗಳಿಗೆ ಮಾತ್ರ ಹೋದೆ. ರಜ ಮುಗಿಯಿತು, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಸುದ್ದಿಯೇ ಮಾಡಿತು. ಹೆಡತಲೆಯಲ್ಲಿ ಮಡಿಲಕ್ಕಿ ಹುಯ್ದರಂತೆ ಎಂಬುದು ನಮ್ಮ ಎತ್ತುಗಳಿಗಿಂತ ಬೇಗ ನಡೆದಿತ್ತು. ಬೋಳು ಕೈಯವಳಿಗೇ ಕೊಟ್ಟಿರುವಾಗ ಕನ್ನೆಯರಿಗೇನು ಅಡ್ಡಿ ಎಂದು ಹೆಂಗಸರು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಟಿ. ನರಸೀಪುರದ ಕಡೆ ಒಂದು ಊರಿನಲ್ಲಿ ಇಬ್ಬರು ಹುಡುಗಿಯರ ಮನೆಯವರಿಗೆ ಯಾರ ಮಡಿಲು ಹೆಚ್ಚು ತುಂಬಿತೆಂದು ಸಣ್ಣ ಜಗಳವೂ ಆಯಿತು. ಮುಡುಕುತೊರೆಯ ಕಡೆ ಒಂದು ಊರಿನವರು ಏನೂ ಕೊಡಲಿಲ್ಲ, ಹುಡುಗಿಯನ್ನೂ ಕಳುಹಿಸಲಿಲ್ಲ. ಅದೂ ಈ ಕೆಲಸದ ಭಾಗವೇ. ಅವಳ ಹಾಸಿಗೆಯನ್ನು ನಾನು ಬಹಳ ದಿನ ಎತ್ತಿಡಲಿಲ್ಲ.

ಸಂಕ್ರಾಂತಿಯ ಮರುವಾರ ಅಧ್ಯಕ್ಷರು ಬಂದು ಉಗ್ರಾಣದ ಬಾಗಿಲಲ್ಲಿ ನಿಂತರು. ಮೂಟೆಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಲೆಕ್ಕದ ಯಾವ ಬಾಬಿನಲ್ಲಿ ಬಂತೆಂದು ಕೇಳಿದರು. ನಡೆದದ್ದನ್ನು ಹೇಳಿದೆ.

"ಮಡಿಲಕ್ಕಿಗೆ ರಸೀತಿ ಕೊಡೋದು ಹ್ಯಾಗಮ್ಮ?"

"ಕೊಡುವುದಿಲ್ಲ."

"ವರದಿಯಲ್ಲಿ ಏನಂತ ಬರೀತೀರಿ?"

ಅವರೇ ಯೋಚಿಸಿ, ಇತರ ಎಂದು ಬರೆಯಿರಿ ಎಂದರು. ಆ ವರ್ಷದ ವರದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬು ಅದೇ. ಹೊರಡುವ ಮುನ್ನ, ನಿಲಯದಲ್ಲಿ ತವರಿಲ್ಲದ ಮಗು ಯಾರಾದರೂ ಇದೆಯೇ ಎಂದು ವಿಚಾರಿಸಿದರು. ಪ್ಲೇಗಿನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಗೌರಿ ಎಂಬ ಹುಡುಗಿಯಿದ್ದಳು. ಮಾರನೆಯ ದಿನ ಅಧ್ಯಕ್ಷರ ಮನೆಯವರು ಅಕ್ಕಿ, ಬೆಲ್ಲ, ಕೊಬ್ಬರಿ ಹಿಡಿದು ಬಂದರು. ಗೌರಿಯ ಲಂಗ ಚಿಕ್ಕದು. ಮಡಿಲು ಮಾಡಲು ಆಕೆಯೇ ಒಂದು ವಸ್ತ್ರ ತಂದಿದ್ದರು. ಅಧ್ಯಕ್ಷರು ಗೇಟಿನ ಬಳಿ ನಿಂತು ರಸ್ತೆಯ ಕಡೆಗೇ ನೋಡುತ್ತಿದ್ದರು.

ಹೀಗೆ ಒಲೆ ಹೊತ್ತಿತು. ಸಾಕಮ್ಮ ಓದುತ್ತಿದ್ದಳು. ಆದರೆ ಅಣ್ಣನಿಂದ ಕಾಗದವಿಲ್ಲ, ಹೇಳಿಕೆಯಿಲ್ಲ. ಅವಳು ಲೆಕ್ಕ ಮಾಡುತ್ತಾ ನಡುವೆ ಪೆನ್ಸಿಲು ನಿಲ್ಲಿಸಿ ಕೂರುತ್ತಿದ್ದುದನ್ನು ಕಂಡಿದ್ದೆ. ಅನ್ನದ ಯೋಚನೆ ಕಳೆದರೂ, ಮನೆಯವರನ್ನು ಎದುರು ಹಾಕಿಕೊಂಡು ಬಂದೆನೆಂಬ ಯೋಚನೆ ಕಳೆದಿರಲಿಲ್ಲ.

ಅಂಥ ಒಂದು ಗುರುವಾರ ಸಂಜೆ ನಂಜಮ್ಮ ಹೆಡತಲೆಯ ಮೂಟೆ ಬಿಚ್ಚಿದಳು. ಅರಿಶಿನದ ಕೊಂಬು ಸಿಕ್ಕಿತು. ನಾನು ಸಾಕಮ್ಮನನ್ನು ಕರೆದು ಅದನ್ನು ಮೇಜಿನ ಮೇಲೆ ಇಟ್ಟೆ. ಅಜ್ಜಿ ಮನಸ್ಸು ಬದಲಾಯಿಸಿರಬಹುದೇ ಎಂದೆ.

"ಅಜ್ಜಿ ಅರಿಸಿನ ಮುಟ್ಟಾಕಿಲ್ಲ ಅಮ್ಮಾವ್ರೆ. ಸತ್ರೂ ಮುಟ್ಟಾಕಿಲ್ಲ." ಅವಳು ಬಗ್ಗಿ ನಾರಿನ ಗಂಟನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಇದು ಅಣ್ಣ ಆಕಿದ್ ಗಂಟು. ಕರು ಕೊರಳ್ಗೆ ಗಂಟೆ ಕಟ್ಟೋವಾಗ ಇಂಗೇ ಆಕ್ತಾನೆ."

ಮೂಟೆಯ ಗಂಟು ಸರಿಯಿಲ್ಲವೆಂದು ಅವನು ಒಳಗೆ ಹೊತ್ತುಕೊಂಡು ಹೋದದ್ದು ಇಬ್ಬರಿಗೂ ನೆನಪಾಯಿತು. ಬೀದಿಯವರ ಎದುರಿಗೆ ಮಾಡಲಾಗದ್ದನ್ನು ಅವನು ಒಳಮನೆಯಲ್ಲಿ ಮಾಡಿದ್ದ. ಗಂಡನ ಮನೆಗೆ ಕಳುಹಿಸುವ ಮಗಳಿಗೆ ಏನಿಡುತ್ತಾರೋ ಅದನ್ನೇ ಇಟ್ಟು ತಂಗಿಯನ್ನು ಶಾಲೆಗೆ ಕಳುಹಿಸಿದ್ದ. ಆಮೇಲೆ ನೋಡೋಣ ಎಂದವನು ಆಗಲೇ ನೋಡಿ ಮುಗಿಸಿದ್ದ.

ಸಾಕಮ್ಮ ಅಳಲಿಲ್ಲ. ಕೊಂಬನ್ನು ಕೈಗೆ ತೆಗೆದುಕೊಂಡು ತೂಗಿ ನೋಡುವವಳಂತೆ ಹಿಡಿದು, ಮತ್ತೆ ಮೇಜಿನ ಮೇಲಿಟ್ಟಳು. "ನಾ ಇದ್ನ ಏನ್ ಮಾಡ್ಲಿ?" ಎಂದಳು. ಇಲ್ಲೇ ಇರಲಿ ಎಂದೆ. ಅವಳು ಓದಲು ಹೋದಳು. ಆ ಸಂಜೆ ಅವಳ ಪೆನ್ಸಿಲು ನಿಂತದ್ದನ್ನು ನಾನು ಕಾಣಲಿಲ್ಲ.

ಮರುದಿನ ಶುಕ್ರವಾರ. ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ನಾನು ಎದ್ದು ನೀರೊಲೆ ಹಚ್ಚಿದೆ. ನಾರಿನ ಎಳೆಯನ್ನು ಗಂಟು ಕೆಡದಂತೆ ಜಾರಿಸಿ ತೆಗೆದು ಸಾಕಮ್ಮನ ಪುಸ್ತಕದೊಳಗೆ ಇಟ್ಟೆ. ಕೊಂಬನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಬಟ್ಟಲನ್ನು ಬಚ್ಚಲಮನೆಯ ಗೂಡಿನಲ್ಲಿ ತುಂಬಿಟ್ಟು, ಸಾಕಮ್ಮನನ್ನು ಎಬ್ಬಿಸಿ, ಎಲ್ಲರಿಗಿಂತ ಮೊದಲು ಅವಳನ್ನು ಸ್ನಾನಕ್ಕೆ ಕಳುಹಿಸಿದೆ.